ಶೋಧಕನಿಗೊಬ್ಬ ಸಲಹೆಗಾರ ಬೇಕು

ವಿಜ್ಞಾನಿಯು ವ್ಯಾಪಾರಕ್ಕೆ ಕೈಹಾಕಬಾರದೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ಭಾವನೆಯೇನೋ ಉದಾತ್ತವಾದುದೇ. ಆದರೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ಔಷಧವು ತಾನಾಗಿಯೇ ರೋಗಿಯ ಬಳಿಗೆ ಹೋಗಲಾರದು. ಅದನ್ನು ಪರೀಕ್ಷಿಸಲು ಹಣ ಬೇಕು. ತಯಾರಿಸಲು ಕಾರ್ಖಾನೆ ಬೇಕು. ಹಣ ಹೂಡುವವನಿಗೆ ಭರವಸೆ ಬೇಕು. ಇವನ್ನೆಲ್ಲ ಬಲ್ಲವನೊಬ್ಬನು ವಿಜ್ಞಾನಿಯ ಪಕ್ಕದಲ್ಲಿರಬೇಕೆಂಬುದು ನನ್ನ ಅಭಿಪ್ರಾಯ. ಜೈವಿಕ ತಂತ್ರಜ್ಞಾನದ ಆರಂಭಕಾಲದ ಎರಡು ಪ್ರಸಂಗಗಳು ಇದನ್ನು ಸಮರ್ಥಿಸುತ್ತವೆ.

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೋಹೆನ್ ಹಾಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್, ಜೀನುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದೊಳಗೆ ವೃದ್ಧಿಪಡಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿದರು. ಪೇಟೆಂಟಿನ ವಿಚಾರ ಅವರ ಮನಸ್ಸಿನಲ್ಲಿರಲಿಲ್ಲ. ಮರುವರ್ಷ ಪತ್ರಿಕಾ ವರದಿಯೊಂದನ್ನು ಕಂಡ ಸ್ಟ್ಯಾನ್‌ಫೋರ್ಡಿನ ಪರವಾನಗಿ ಅಧಿಕಾರಿ ನೀಲ್ಸ್ ರೈಮರ್ಸ್, ಹಿಂಜರಿಯುತ್ತಿದ್ದ ಕೋಹೆನ್ನರನ್ನು ಒಪ್ಪಿಸಿದರು. ಪ್ರಕಟಣೆಯ ಬಳಿಕ ಒಂದು ವರ್ಷದವರೆಗೆ ಅಮೆರಿಕದ ಕಾನೂನು ಅವಕಾಶವಿತ್ತಿದ್ದರಿಂದ, ಅವಧಿ ಮೀರುವ ಮುನ್ನ ಅರ್ಜಿ ಸಲ್ಲಿಕೆಯಾಯಿತು. ಹೊರದೇಶಗಳ ಹಕ್ಕು ಮಾತ್ರ ಆಗಲೇ ಕೈತಪ್ಪಿತ್ತು. 1980ರಲ್ಲಿ ಪೇಟೆಂಟ್ ದೊರೆಯಿತು. ಅದನ್ನು ಒಂದೇ ಕಂಪನಿಗೆ ಒಪ್ಪಿಸದೆ, ಹಗುರವಾದ ಶುಲ್ಕಕ್ಕೆ ನೂರಾರು ಕಂಪನಿಗಳಿಗೆ ಪರವಾನಗಿ ಕೊಡಲಾಯಿತು. 1997ರಲ್ಲಿ ಅವಧಿ ಮುಗಿಯುವ ವೇಳೆಗೆ ಎರಡೂ ವಿಶ್ವವಿದ್ಯಾಲಯಗಳಿಗೆ ಒಟ್ಟು ಸುಮಾರು 25 ಕೋಟಿ ಡಾಲರ್ ವರಮಾನ ಬಂದಿತ್ತು.

ಇನ್ನೊಂದು ಪ್ರಸಂಗ ಇಂಗ್ಲೆಂಡಿನದು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್, ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ಉತ್ಪಾದಿಸುವ ವಿಧಾನವನ್ನು ಕಂಡುಹಿಡಿದರು. ಪೇಟೆಂಟಿನ ಹೊಣೆ ಹೊತ್ತಿದ್ದ ಸರಕಾರಿ ನಿಗಮಕ್ಕೆ ಅದರಲ್ಲಿ ತತ್‌ಕ್ಷಣದ ಉಪಯೋಗವೇನೂ ಕಾಣಲಿಲ್ಲ. ಶೋಧಕರಿಗೆ 1984ರಲ್ಲಿ ನೊಬೆಲ್ ಪಾರಿತೋಷಕ ಬಂದಿತು, ಪೇಟೆಂಟ್ ಬರಲಿಲ್ಲ. ಇಂದು ಕ್ಯಾನ್ಸರ್, ಸಂಧಿವಾತಗಳಿಗೆ ಕೊಡುವ ಎಷ್ಟೋ ಬೆಲೆಬಾಳುವ ಔಷಧಗಳು ಇಂತಹ ಪ್ರತಿಕಾಯಗಳೇ ಆಗಿವೆ.

ಹಕ್ಕಿನ ಕಟ್ಟಿಲ್ಲದ್ದರಿಂದಲೇ ಆ ವಿದ್ಯೆ ಬೇಗ ಹರಡಿತೆಂದು ವಾದಿಸುವವರುಂಟು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ತಿಳಿದು ಬಿಟ್ಟುಕೊಟ್ಟರೆ ಅದು ದಾನ. ತಿಳಿಯದೆ ಬಿಟ್ಟುಹೋದರೆ ನಷ್ಟ. ಯಾವುದನ್ನು ಕೊಡಬೇಕು, ಯಾವುದನ್ನು ಕಾಯಬೇಕೆಂಬ ವಿವೇಚನೆಗೇ ಸಲಹೆಗಾರ ಬೇಕಾದುದು.

ನಮ್ಮ ದೇಶದಲ್ಲಿಯೂ ಸಾಮಾನ್ಯವಾಗಿ ಅರ್ಜಿಗೆ ಮುನ್ನ ಪ್ರಬಂಧ ಪ್ರಕಟವಾದರೆ ಪೇಟೆಂಟಿನ ಹಕ್ಕು ಹೋಗುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಸ್ಥಾಪಿತವಾದ ಸಿ-ಕ್ಯಾಂಪ್, ಕೇಂದ್ರ ಸರಕಾರವು 2012ರಲ್ಲಿ ಆರಂಭಿಸಿದ ಬೈರಾಕ್ ಮುಂತಾದ ಸಂಸ್ಥೆಗಳು ಶೋಧಕರಿಗೆ ನೆರವೀಯುತ್ತಿವೆ. ಆದರೆ ಸಂಸ್ಥೆಯ ಬಾಗಿಲನ್ನು ಯಾವಾಗ ತಟ್ಟಬೇಕೆಂದು ತರುಣನಿಗೆ ಹೇಳುವವರು ಬೇಕಲ್ಲವೇ? ಸಲಹೆಗಾರನ ವೇಷದ ದಲ್ಲಾಳಿಗಳೂ ಇಲ್ಲದಿಲ್ಲ. ತನ್ನ ಶುಲ್ಕವನ್ನೂ ಪಾಲನ್ನೂ ಮೊದಲೇ ಬರಹದಲ್ಲಿ ತಿಳಿಸುವವನೇ ನಂಬಿಕೆಗೆ ಅರ್ಹನು.

ಈ ಶಾಲೆಯಿಂದ ಹೊರಬಂದವರಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಉದ್ಯಮಿಗಳಿದ್ದಾರೆ. ಇಲ್ಲಿಯೇ ಓದಿ ಸಂಶೋಧನೆಗೆ ತೊಡಗಿದ ಕಿರಿಯರಿಗೆ ವರ್ಷದಲ್ಲಿ ಕೆಲವು ದಿನಗಳನ್ನಾದರೂ ಅವರು ಮೀಸಲಿಡಲಿ. ಕಟ್ಟಡಕ್ಕೆ ಕೊಟ್ಟ ದೇಣಿಗೆಗಿಂತ ಇದೇನೂ ಕಡಿಮೆಯದಲ್ಲ.