ಗೆಳತಿ ಮಗಳ ಲಗ್ನ ವಿಯೆಟ್ನಾಂನಲ್ಲಿ: ಹೋಗೋದಾ, ಬಿಡೋದಾ?

ಪ್ರಶ್ನೆ: ನನ್ನ ತವರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಈಗ ಕಲಬುರಗಿಯಲ್ಲಿದ್ದೇವೆ. ಊರಲ್ಲಿ ನನ್ನ ಜೊತೆ ಆಡಿ ಬೆಳೆದ ಗೆಳತಿ ಬೆಂಗಳೂರಿನಲ್ಲಿದ್ದಾಳೆ. ಆಕೆಯ ಮಗಳ ಲಗ್ನ ತುಳಸಿ ಲಗ್ನ ಆದ ಕೂಡಲೇ ವಿಯೆಟ್ನಾಂನ ಡಾ ನಾಂಗ್‌ನಲ್ಲಂತೆ. ಹೋಟೆಲ್ ಅವರದು, ಟಿಕೆಟ್ ನಮ್ಮದು. ನಾವು ಐದು ಜನ ಗೆಳತಿಯರು. ಉಳಿದವರು ‘ಹೆಂಗೂ ಹೋಗ್ತೀವಿ, ಹತ್ತು ದಿನ ದೇಶ ಪೂರಾ ನೋಡಿ ಬರೋಣ’ ಅಂತಾರೆ. ಯಜಮಾನರು ‘ನಿನ್ನ ಇಷ್ಟ’ ಅಂದು ಕೈ ತೊಳೆದುಕೊಂಡರು. ನನ್ನ ಹತ್ತಿರ ಚೀಟಿ ದುಡ್ಡಿದೆ, ಆದರೆ ಅದು ಮಗಳ ಕಾಲೇಜಿಗೆಂದು ಇಟ್ಟದ್ದು. ಹೋಗದಿದ್ದರೆ ಗೆಳತಿ ಮುನಿಸಿಕೊಳ್ಳುತ್ತಾಳೆ. ಊರಲ್ಲಿರುವ ಅವಳ ತಾಯಿಗೆ ಎಂಬತ್ತು ದಾಟಿದೆ. ಮೊನ್ನೆ ಹೋದಾಗ ‘ಮೊಮ್ಮಗಳ ತಲಿಮ್ಯಾಲ ಅಕ್ಕಿಕಾಳ ಹಾಕೂದು ನನ್ನ ನಸೀಬದಾಗ ಇಲ್ಲ’ ಅಂತ ಅತ್ತರು. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಇದು ನಿಮ್ಮೊಬ್ಬರ ಟೆನ್ಷನ್ ಅಲ್ಲ, ಸಹೋದರಿ. ಗೋವಾ, ಉದಯಪುರ, ಥಾಯ್ಲೆಂಡ್ ಆಯ್ತು, ಈಗ ವಿಯೆಟ್ನಾಂ ಸರದಿ. 2019ರ ಮಾರ್ಚ್‌ನಲ್ಲಿ ಅಲ್ಲಿನ ಫು ಕ್ವೋಕ್ ದ್ವೀಪದಲ್ಲಿ ನಮ್ಮ ದೇಶದ ಶ್ರೀಮಂತ ಕುಟುಂಬಗಳ ಮದುವೆಯೊಂದು ಸುಮಾರು 700 ಅತಿಥಿಗಳೊಂದಿಗೆ ನಡೆದಾಗ ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಆ ವರ್ಷ ವಿಯೆಟ್ನಾಂಗೆ ಹೋದ ಭಾರತೀಯರು 1.7 ಲಕ್ಷದಷ್ಟು. 2024ರಲ್ಲಿ 5 ಲಕ್ಷ, 2025ರಲ್ಲಿ 7 ಲಕ್ಷ ದಾಟಿತು. ಕಾರಣ ಬಹಳ ಹುಡುಕಬೇಕಿಲ್ಲ. 2023ರ ಆಗಸ್ಟ್ 15ರಿಂದ ಅವರು ಇ-ವೀಸಾವನ್ನು 90 ದಿನಕ್ಕೆ ಏರಿಸಿದರು. 2025ರಲ್ಲಿ ಬೆಂಗಳೂರು, ಹೈದರಾಬಾದ್ ಎರಡೂ ಕಡೆಯಿಂದ ಹನೋಯ್‌ಗೆ ನೇರ ವಿಮಾನ ಶುರುವಾಯಿತು. ಸಮುದ್ರ ದಂಡೆಯ ದೊಡ್ಡ ಹೋಟೆಲುಗಳು ‘ನಿಮ್ಮ ಮಹಾರಾಜರನ್ನೇ ಕರಕೊಂಡು ಬನ್ನಿ, ಅಡುಗೆಮನೆ ಬಿಟ್ಟುಕೊಡ್ತೀವಿ’ ಅನ್ನುತ್ತವೆ.

ಆದರೆ ನಿಜವಾದ ಲೆಕ್ಕ ಬೇರೆ ಇದೆ. ನಮ್ಮ ಕಡೆ ಲಗ್ನ ಅಂದರೆ ಹಂದರ ಹಾಕಿದವರ ಖರ್ಚು. ಬಂದವರು ಅಕ್ಷತೆ ಹಾಕಿ, ಆಹೇರಿ ಮಾಡಿ, ಹೋಳಿಗೆ ಉಂಡು ಹೋಗುತ್ತಿದ್ದರು. ಊರಿಗೆ ಊರೇ ಬಂದರೂ ‘ಯಾಕ ಬಂದಿ’ ಅಂತ ಕೇಳುವವರಿಲ್ಲ. ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ಸಾವಿರದೈನೂರು ಎಲೆ ಹಾಕುವ ಬದಲು ವಿದೇಶದಲ್ಲಿ ನೂರೈವತ್ತು ಜನಕ್ಕೆ ಮೂರು ದಿನ ಊಟ, ವಸತಿ ಕೊಟ್ಟರೆ ಯಜಮಾನರಿಗೆ ಅಂಥ ಭಾರವೇನೂ ಆಗುವುದಿಲ್ಲ; ಕೆಲವೊಮ್ಮೆ ಹಗುರವೇ. ಉಳಿದದ್ದು ಬರುವವರ ಮೇಲೆ ಬೀಳುತ್ತದೆ. ಟಿಕೆಟ್, ವೀಸಾ, ಮೂರು ಕಾರ್ಯಕ್ರಮಕ್ಕೆ ಮೂರು ಬಣ್ಣದ ಸೀರೆ, ಅದರ ಮೇಲೆ ಮುಯ್ಯಿ. ಕಾರ್ಡಿನಲ್ಲಿ ಇದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಅಷ್ಟೆ.

ಇನ್ನು ಯಾರು ಬಿಟ್ಟುಹೋಗುತ್ತಾರೆ ನೋಡಿ. ಪಾಸ್‌ಪೋರ್ಟ್ ಇಲ್ಲದವರು, ಮೊಣಕಾಲು ನೋವಿನವರು, ರಾಶಿ ಬಿಟ್ಟು ಬರಲಾಗದ ರೈತರು, ಬಸುರಿ ಬಾಣಂತಿಯರು. ಹಂದರದವರು, ಹೂವಿನವರು, ಬಾಜಾ ಬಜಂತ್ರಿಯವರು, ಲಗ್ನದ ಮನೆಗೆ ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳು ಅಂತೂ ಪಟ್ಟಿಯಲ್ಲೇ ಇಲ್ಲ. ಪ್ರಧಾನಿಯವರು 2023ರ ನವೆಂಬರ್ 26ರ ‘ಮನ್ ಕಿ ಬಾತ್’ನಲ್ಲಿ, ಮದುವೆಗಳನ್ನು ವಿದೇಶದಲ್ಲಿ ಮಾಡದೆ ನಮ್ಮ ನೆಲದಲ್ಲೇ ಮಾಡಿ, ಹಣ ಇಲ್ಲೇ ಉಳಿಯಲಿ ಎಂದಿದ್ದರು. ಮಾತು ಸರಿಯೇ. ಆದರೆ ಉದಯಪುರದ ಅರಮನೆಯಲ್ಲಿ ಮಾಡಿದರೂ ಆಳಂದದ ಅಡುಗೆಯವಳಿಗೆ ಸಿಗುವುದು ಅಷ್ಟೇ ಅಲ್ಲವೇ?

ಈಗ ನಿಮ್ಮ ವಿಷಯ. ಮಗಳ ಕಾಲೇಜಿನ ಚೀಟಿ ಮುಟ್ಟಬೇಡಿ. ಬಂಗಾರ ಅಡವಿಟ್ಟು ಹೋಗುವುದಂತೂ ಬೇಡವೇ ಬೇಡ. ಗೆಳತಿಗೆ ಮೊಬೈಲಿನಲ್ಲಿ ಮೆಸೇಜ್ ಹಾಕದೆ ಬಾಯಿಬಿಟ್ಟು ಮಾತಾಡಿ. ‘ಇಷ್ಟು ನನ್ನ ಕೈಲಿ ಆಗ್ತದ, ಇಷ್ಟು ಆಗೂದಿಲ್ಲ’ ಅಂತ ಹೇಳುವುದು ಅವಮಾನವಲ್ಲ. ಎಷ್ಟೋ ಸಲ ಕರೆದವರಿಗೆ ಈ ಲೆಕ್ಕ ಹೊಳೆದೇ ಇರುವುದಿಲ್ಲ. ಬೇರೆ ಉಳಿತಾಯ ಇದ್ದರೆ ಐದು ದಿನದ ಮಟ್ಟಿಗೆ ಹೋಗಿಬನ್ನಿ. ಹತ್ತು ದಿನ ನೋಡಲೇಬೇಕೆಂಬ ಗೆಳತಿಯರು ಆಮೇಲೆ ಬರಲಿ. ಹೋಗುವುದಿದ್ದರೆ ‘ನಿನ್ನ ಇಷ್ಟ’ ಎಂದ ಯಜಮಾನರ ಜೊತೆ ಇನ್ನೊಮ್ಮೆ ಕೂತು, ಆ ಐದು ದಿನ ಮನೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಇತ್ಯರ್ಥ ಮಾಡಿ. ಆ ‘ಇಷ್ಟ’ದೊಳಗೆ ಅಡುಗೆಮನೆಯೂ ಸೇರಿದೆ ತಾನೆ!

ಆಯಿಯ ಮಾತನ್ನು ಮಾತ್ರ ನೀವೇ ಗೆಳತಿಗೆ ಮುಟ್ಟಿಸಬೇಕು. ಮಗಳ ಮುಂದೆ ಅವರು ಅದನ್ನು ಆಡಲಾರರು. ಅರಿಶಿನ ಹಚ್ಚುವುದು, ಸುರಗಿ ಸುತ್ತುವುದು, ಉಡಿ ತುಂಬುವುದು ಇವನ್ನೆಲ್ಲ ಊರ ಮನೆಯಲ್ಲೇ ಒಂದು ದಿನ ಇಟ್ಟುಕೊಂಡು, ಅಜ್ಜಿ ಕೈಯಿಂದ ಅಕ್ಕಿಕಾಳು ಹಾಕಿಸಿ, ಆಮೇಲೆ ವಿಮಾನ ಹತ್ತಲಿ. ಲ್ಯಾಪ್‌ಟಾಪ್ ಮುಂದೆ ಕೂರಿಸಿ ‘ಲೈವ್’ ತೋರಿಸಿದರೆ ಮುಗಿಯಿತು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಇದರಲ್ಲಿ ಕಾನೂನಿನ ಅನುಕೂಲವೂ ಇದೆ: ಹೋಟೆಲಿನ ಹಸೆಮಣೆ ಫೋಟೊ ಮದುವೆ ಸರ್ಟಿಫಿಕೇಟ್ ಅಲ್ಲ. ಮುಂದೆ ವೀಸಾಕ್ಕೆ, ಪಾಸ್‌ಪೋರ್ಟಿಗೆ ಪರದಾಡುವ ಬದಲು ಶಾಸ್ತ್ರವನ್ನೋ ರಿಜಿಸ್ಟ್ರೇಷನ್ನನ್ನೋ ಇಲ್ಲೇ ಮುಗಿಸಿಕೊಂಡು ಹೋಗುವವರೇ ಜಾಣರು. ವಿಶೇಷ ವಿವಾಹ ಕಾಯ್ದೆಯಡಿ ಆದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು.

ಇನ್ನೊಂದು ವಿಷಯ ಗೆಳತಿಗೆ ಕೂಡಲೇ ತಿಳಿಸಿ. ನಮ್ಮಲ್ಲಿ ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತ ತೆರೆಯುತ್ತವೆ. ಡಾ ನಾಂಗ್, ಹೋಯ್ ಆನ್ ಕಡೆ ಅದೇ ಹೊತ್ತಿಗೆ ಮಳೆಗಾಲ, ಚಂಡಮಾರುತದ ಕಾಲ. 2025ರ ಅಕ್ಟೋಬರ್ ಕೊನೆಯಲ್ಲಿ ಹೋಯ್ ಆನ್ ಹಳೇ ಪೇಟೆಯಲ್ಲಿ ಬೀದಿ ತುಂಬ ದೋಣಿ ಓಡಾಡಿದವು. ಪಕ್ಕದ ಹ್ಯೂನಲ್ಲಿ ಒಂದೇ ದಿನದಲ್ಲಿ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಕಲಬುರಗಿಗೆ ವರ್ಷವಿಡೀ ಸುರಿದರೂ ಅಷ್ಟು ಬರುವುದಿಲ್ಲ. ದಂಡೆ ಮೇಲೆ ಮಂಟಪ ಹಾಕಿಸುವವರು ಮಾಘ, ಫಾಲ್ಗುಣದ ಮುಹೂರ್ತ ನೋಡಲಿ. ಇಲ್ಲವೇ ಫು ಕ್ವೋಕ್ ಕಡೆ ಹೋಗಲಿ, ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಹವೆ. ಏಜೆಂಟರು ಇದನ್ನು ತಾವಾಗಿ ಹೇಳುವುದು ಅಪರೂಪ.

ಹೋಗುವುದು ಖಾತ್ರಿಯಾದರೆ ಪಾಸ್‌ಪೋರ್ಟಿನ ಹೆಸರು ಮೊದಲು ನೋಡಿ. ನಮ್ಮ ಹೆಣ್ಣುಮಕ್ಕಳಿಗೆ ಲಗ್ನಕ್ಕೆ ಮುಂಚೆ ಒಂದು ಅಡ್ಡಹೆಸರು, ಆಮೇಲೆ ಇನ್ನೊಂದು. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ. ವೀಸಾ ಅರ್ಜಿಯಲ್ಲೂ ಟಿಕೆಟ್‌ನಲ್ಲೂ ಪಾಸ್‌ಪೋರ್ಟಿನಂತೆಯೇ ಅಕ್ಷರ ತಪ್ಪದೆ ಇರಲಿ. ಒಂದು ಸಲದ ಇ-ವೀಸಾಕ್ಕೆ ಸರ್ಕಾರಿ ಶುಲ್ಕ 25 ಡಾಲರ್. ಅದೇ ಹೆಸರಿನಂತೆ ಕಾಣುವ ಖಾಸಗಿ ವೆಬ್‌ಸೈಟುಗಳು ಎರಡು ಮೂರು ಪಟ್ಟು ಕೀಳುತ್ತವೆ, ಹುಷಾರು. ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಅದು ಕೊಟ್ಟ ಪ್ಯಾನ್ ನಂಬರಿನ ಹೆಸರಿಗೆ ಜಮೆಯಾಗುತ್ತದೆ. ನಿಮಗೆ ಆದಾಯ ಇಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಹೆಚ್ಚಿನ ಗೃಹಿಣಿಯರು ಇದನ್ನು ಬಿಟ್ಟೇಬಿಡುತ್ತಾರೆ.

ತಿರುಗಾಟಕ್ಕೆ ಸಮಯ ಸಿಕ್ಕರೆ ಹೋಯ್ ಆನ್‌ನಿಂದ ಮೀ ಸನ್‌ಗೆ ಹೋಗಿ. ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಲಿಂಗವನ್ನು ಹೊರತೆಗೆದರು. ಹಾ ಲಾಂಗ್ ಕೊಲ್ಲಿಗೆ ಹೋದರೆ ಲೈಫ್ ಜಾಕೆಟ್ ಬಿಚ್ಚಬೇಡಿ, ಮೋಡ ಕವಿದಿದ್ದರೆ ದೋಣಿ ಹತ್ತಬೇಡಿ. 2025ರ ಜುಲೈ 19ರಂದು ಅಲ್ಲಿ ಬಿರುಗಾಳಿಗೆ ದೋಣಿ ಮಗುಚಿ 35ಕ್ಕೂ ಹೆಚ್ಚು ಜನ ಸತ್ತರು.

ಊಟದ್ದು ಚಿಂತೆ ಬೇಡ. ಮೀನಿನ ರಸ ಎಲ್ಲದಕ್ಕೂ ಹಾಕುತ್ತಾರೆ ನಿಜ, ಆದರೆ ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿನ ಬೌದ್ಧರೂ ಸಸ್ಯಾಹಾರವೇ. ‘ಚಾಯ್’ ಅಂತ ಬರೆದ ಹೋಟೆಲ್ ಹುಡುಕಿ. ಚಹಾ ಅಂದುಕೊಂಡು ಒಳಗೆ ಹೋದರೂ ಮೋಸವಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಐದು ದಿನ ದಾಟುತ್ತದೆ. ಒಡವೆ ಮಾತ್ರ ಕಡಿಮೆ ಒಯ್ಯಿರಿ. ಹೊರಡುವಾಗಲೇ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮ ಸರಕ್ಕೆ ನೀವೇ ಸುಂಕ ಕಟ್ಟಬೇಕಾದೀತು. ಆ ದೇಶದಲ್ಲಿ 300 ಗ್ರಾಮ್ ಮತ್ತು ಅದಕ್ಕೂ ಮೇಲಿನ ಬಂಗಾರವನ್ನು ಇಳಿದ ಕೂಡಲೇ ಘೋಷಿಸಬೇಕು. ಐದು ಜನರ ಒಡವೆಯನ್ನು ಒಬ್ಬರ ಬ್ಯಾಗಿನಲ್ಲಿ ಒಟ್ಟಿಗೆ ಇಡಲೇಬೇಡಿ.