ಬಚ್ಚಲ ನೀರಿಗೆ ಒಂದು ಬಸಳೆ ಬಳ್ಳಿ

ಯುಗಾದಿ ಮುಗಿಯಿತು. ಬೇವು, ಹೊಂಗೆ ಚಿಗುರಿ ನಿಂತಿವೆ. ಸುದ್ದಿಗೆಂದು ಬಯಲುಸೀಮೆಯ ಊರೂರು ಸುತ್ತುವ ನಮಗೆ ಬೆಳಿಗ್ಗೆ ಎಂಟಕ್ಕೆ ಕಾಣುವುದು ಒಂದೇ ನೋಟ. ಪಟ್ಟಣದ ತರಕಾರಿ ಗಾಡಿ ಮೈಕ್ ಹಾಕಿಕೊಂಡು ಬಂದಿರುತ್ತದೆ, ಹೊಲ ಇರುವವರೇ ಚೀಲ ಹಿಡಿದು ಸುತ್ತ ನಿಂತಿರುತ್ತಾರೆ. ಅದೇ ಬೀದಿಯಲ್ಲಿ ಬಚ್ಚಲ ನೀರು ರಸ್ತೆಗೆ ಹರಿಯುತ್ತಿರುತ್ತದೆ.

ಹಿತ್ತಲಲ್ಲಿ ಏನಾದರೂ ಹಾಕಬಾರದೇ ಎಂದರೆ ಉತ್ತರ ಸಿದ್ಧ: "ಬ್ಯಾಸಗಿ ಐತ್ರೀ, ಕುಡಿಯಾಕ ನೀರಿಲ್ಲ. ಮಳಿ ಬರಲಿ, ನೋಡೋಣು."

ಈ ಮಾತು ಅರ್ಧ ನಿಜ. ನಲ್ಲಿ ನೀರು ಗಿಡಕ್ಕೆ ಹಾಕುವಷ್ಟಿಲ್ಲ, ಒಪ್ಪಿದೆವು. ಆದರೆ ಐದು ಜನರ ಮನೆಯಲ್ಲಿ ಸ್ನಾನಕ್ಕೆ ತಲೆಗೊಂದು ಬಕೆಟ್ ಎಂದರೂ ದಿನಕ್ಕೆ ಐದು ಬಕೆಟ್ ನೀರು ಮೋರಿಗೆ ಹೋಗುತ್ತದೆ. ಅದು ಬಾಳೆ, ನುಗ್ಗೆಯ ಬುಡಕ್ಕೆ ಹೋಗಲಿ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಸೊಪ್ಪಿನ ಮಡಿಗಿರಲಿ. ನಮ್ಮ ಅಜ್ಜಿಯರು ಮೋರಿಯ ಬಾಯಿಗೇ ಬಾಳೆ, ಕೆಸು ನೆಟ್ಟಿದ್ದು ಸುಮ್ಮನೆ ಅಲ್ಲ. ನರೇಗಾದಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ನೀರು ಗುಂಡಿಗೆ ಇಳಿಯುವ ಮೊದಲು ಒಂದು ಪಾತಿ ಸುತ್ತಿ ಹೋದರೆ ಇನ್ನೂ ಒಳ್ಳೆಯದು. ಸೋಪಿನ ಪುಡಿ ಹಾಕಿ ಬಟ್ಟೆ ಒಗೆದ ನೀರು ಮಾತ್ರ ಗಿಡಕ್ಕೆ ಬೇಡ.

ಈ ಬಿಸಿಲಿಗೆ ಏನು ಹಾಕಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ಹೋದ ವರ್ಷ ನಾವೂ ಎಡವಿದೆವು. ಹಬ್ಬದ ಮರುದಿನ ಕೊತ್ತಂಬರಿ ಎರಚಿದೆವು. ಗೇಣುದ್ದ ಆಗುವ ಮೊದಲೇ ಹೂ ಬಿಟ್ಟು ಕೂತಿತು. ಮನೆಯವರು ಒಂದು ವಾರ ನಕ್ಕರು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಇದನ್ನು ಕಲಿಸಿರಲಿಲ್ಲ. ಕೊತ್ತಂಬರಿಗೆ ತಂಪು ಬೇಕು. ಹಾಕಲೇಬೇಕೆಂದರೆ ಬೀಜ ಉಜ್ಜಿ ಎರಡು ಹೋಳು ಮಾಡಿ, ನೆರಳಲ್ಲಿ ಹಾಕಿ, ಎಳೆಯದಿರುವಾಗಲೇ ಕಿತ್ತುಕೊಳ್ಳಿ.

ಬಿಸಿಲಿಗೆ ಹೆದರದವು ಬೇರೆ ಇವೆ. ಹರಿವೆ, ದಂಟು ತಿಂಗಳೊಪ್ಪತ್ತಿನಲ್ಲಿ ಸಾರಿಗೆ ಬರುತ್ತವೆ. ಬೆಂಡೆ ಒಂದೂವರೆ, ಎರಡು ತಿಂಗಳಿಗೆ ಕಾಯಿ ಕೊಡುತ್ತದೆ. ಚವಳಿಕಾಯಿ, ಅಲಸಂದಿಯೂ ಆದೀತು. ಬಸಳೆ, ಪುದೀನ, ದೊಡ್ಡಪತ್ರೆಗೆ ಬೀಜವೇ ಬೇಡ, ಪಕ್ಕದ ಮನೆಯಿಂದ ಒಂದು ಕಡ್ಡಿ ಕೇಳಿ ತಂದರೆ ಸಾಕು. ನುಗ್ಗೆಗೆ ತೋಳುದ್ದದ ಕೊಂಬೆ. ಮಧ್ಯಾಹ್ನದ ಬಿಸಿಲಿಗೆ ಸಸಿಗಳ ಮೇಲೊಂದು ಹಳೆ ಸೀರೆ ಕಟ್ಟಿ, ಬುಡಕ್ಕೆ ಒಣ ಎಲೆ ಹರಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದರೆ ಬೇರು ಬಿಟ್ಟ ಗಿಡ ಎದ್ದು ನಿಲ್ಲುತ್ತದೆ. ಮುಂಗಾರು ಬಂದ ಮೇಲೆ ನೋಡೋಣ ಎಂದವರಿಗೆ ಅಷ್ಟರಲ್ಲಿ ಬಿತ್ತನೆ ಕೆಲಸ ಶುರುವಾಗಿರುತ್ತದೆ. ಆಗ ಹಿತ್ತಲು ಯಾರಿಗೆ ನೆನಪು?

ನೀರಿಗಿಂತ ದೊಡ್ಡ ತೊಡಕು ಜಾಗದ್ದು. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿ ಬೈಕ್ ನಿಲ್ಲಿಸಿದವರು ಗಂಡಸರು. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವವರು, ಮನೆಗೆ ನೀರು ಹೊರುವವರು ಹೆಂಗಸರು. ಹಾಗಾಗಿ ಕೈತೋಟ ಮಾಡಿ ಎಂದು ಬರೀ ಅಕ್ಕತಂಗಿಯರಿಗೆ ಬುದ್ಧಿ ಹೇಳಲು ನಮಗೆ ಮನಸ್ಸಿಲ್ಲ. ಅಣ್ಣಂದಿರೇ, ಬಚ್ಚಲ ಹಿಂದೆ ಎರಡು ಚಾಪೆಯಷ್ಟು ಸಿಮೆಂಟ್ ಒಡೆದು ಕೊಡಿ, ಮೋರಿಯಿಂದ ಅಲ್ಲಿಗೊಂದು ಕಾಲುವೆ ತೋಡಿ. ಸುತ್ತ ಜಾಲಿ ಮುಳ್ಳು ಇಡುವುದನ್ನೂ ಮರೆಯಬೇಡಿ. ಕೊತ್ತಂಬರಿ ಕೆಟ್ಟ ಮೇಲೆ ನಾವು ಹಾಕಿದ ಹರಿವೆಯನ್ನು ಕೋಳಿಗಳು ಒಂದೇ ಬೆಳಗಿನಲ್ಲಿ ಕೆದರಿ ಮುಗಿಸಿದ್ದವು.