ತೇಲುವ ಕೋಟೆಯ ಗುಣದೋಷ ವಿಚಾರ

ನಮ್ಮ ಮೊಮ್ಮಗನಿಗೆ ಈಗ ಹದಿನಾರು ವರ್ಷ. ಕಳೆದ ವರ್ಷ ಒಂದು ರಾತ್ರಿ ಅವನು ಎಲೆಯ ಮುಂದೆ ಕುಳಿತು ಅನ್ನವನ್ನು ಮುಟ್ಟದೆ ಕಣ್ಣೊರಸಿಕೊಳ್ಳುತ್ತಿದ್ದುದನ್ನು ಕಂಡು ಕಾರಣವೇನೆಂದು ವಿಚಾರಿಸಿದೆವು. ಕಂಪ್ಯೂಟರಿನ ಆಟವೊಂದರಲ್ಲಿ ಎರಡು ವರ್ಷಗಳಿಂದ ಇವನ ಜತೆಗಾರನಾಗಿದ್ದವನೊಬ್ಬನು ಹೇಳದೆ ಕೇಳದೆ ಬರುವುದನ್ನೇ ನಿಲ್ಲಿಸಿಬಿಟ್ಟನಂತೆ. ಅವನ ಮುಖವನ್ನು ಇವನು ಕಂಡವನಲ್ಲ. ನಿಜವಾದ ಹೆಸರನ್ನೂ ಅರಿತವನಲ್ಲ. "ಕಾಣದವನಿಗಾಗಿ ಅಳುವೆಯಾ?" ಎಂದು ನಾವು ನಕ್ಕುಬಿಟ್ಟೆವು. ಹುಡುಗನು ಎದ್ದು ಹೋದನು. ಆಮೇಲೆ ಬಹುದಿನ ನಮ್ಮೊಡನೆ ಮನಬಿಚ್ಚಿ ಮಾತನಾಡಲಿಲ್ಲ. ಈ ಬೇಸಿಗೆಯ ರಜದಲ್ಲಿ ತಾನಾಗಿಯೇ ಬಂದು, "ತಾತ, ಇದನ್ನೊಂದು ನೋಡಿ, ಆಮೇಲೆ ಬೇಕಾದರೆ ನಗಿ" ಎಂದು ಜಪಾನಿನ ಒಂದು ಚಿತ್ರಧಾರಾವಾಹಿಯನ್ನು ನಮ್ಮ ಮುಂದಿಟ್ಟನು. ಇಪ್ಪತ್ತೈದು ಕಂತುಗಳನ್ನೂ ಅವನ ಪಕ್ಕದಲ್ಲಿಯೇ ಕುಳಿತು ನೋಡಿ ಮುಗಿಸಿದೆವು. ಅದರ ಗುಣದೋಷಗಳನ್ನು ಈ ತಿಂಗಳು ವಾಚಕ ಮಹಾಶಯರ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಅದರ ಹೆಸರು 'ಸೋರ್ಡ್ ಆರ್ಟ್ ಆನ್‌ಲೈನ್'. ರೆಕಿ ಕವಹಾರ ಎಂಬವರು 2002ರಿಂದ ಇಂಟರ್ನೆಟ್ಟಿನಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದ ಈ ಕಥೆಯು 2009ರಲ್ಲಿ ಪುಸ್ತಕರೂಪವನ್ನು ತಾಳಿ, 2012ರ ಜುಲೈಯಿಂದ ಡಿಸೆಂಬರಿನವರೆಗೆ ಜಪಾನಿನ ಟೆಲಿವಿಷನ್ನಿನಲ್ಲಿ ಅನಿಮೆಯಾಗಿ ಬಂದಿತು. ನಿರ್ದೇಶಕರು ತೊಮೊಹಿಕೊ ಇತೊ; ಸಂಗೀತವು ಯುಕಿ ಕಜಿಯುರ ಅವರದು. ಮುಂದೆ ಇದರ ಭಾಗಗಳು ಹಲವು ಬಂದಿರುವುವು. ನಾವು ಹೇಳುವುದೆಲ್ಲ ಮೊದಲಿನ ಭಾಗಕ್ಕೆ ಮಾತ್ರ ಸಲ್ಲುವುದು.

ಕಥೆಯಲ್ಲಿ 2022ನೆಯ ನವೆಂಬರ್ 6ನೆಯ ದಿನ ಹತ್ತು ಸಾವಿರ ಮಂದಿ 'ನರ್ವ್‌ಗಿಯರ್' ಎಂಬ ಶಿರಸ್ತ್ರಾಣವನ್ನು ಧರಿಸಿ ಹೊಸದೊಂದು ಆಟದೊಳಕ್ಕೆ ಇಳಿಯುತ್ತಾರೆ. ದೇಹವು ಮಂಚದ ಮೇಲೆ ಬಿದ್ದಿರುವುದು. ಮನಸ್ಸು ಮಾತ್ರ ಆಕಾಶದಲ್ಲಿ ತೇಲುವ ನೂರು ಅಂತಸ್ತುಗಳ ಐನ್‌ಕ್ರಾಡ್ ಕೋಟೆಯಲ್ಲಿ ತಿರುಗಾಡುತ್ತಿರುವುದು. ಸಾಯಂಕಾಲವಾಗುತ್ತಲೇ ಹೊರಕ್ಕೆ ಹೋಗುವ ಗುಂಡಿಯೇ ಮಾಯವಾಗಿದೆಯೆಂದು ತಿಳಿಯುತ್ತದೆ. ಆಟವನ್ನು ನಿರ್ಮಿಸಿದ ಅಕಿಹಿಕೊ ಕಯಾಬನು ಆಗಸದಲ್ಲಿ ಕಾಣಿಸಿಕೊಂಡು ನಿಯಮವನ್ನು ಸಾರುತ್ತಾನೆ: ಆಟದಲ್ಲಿ ಸತ್ತವನ ಮಿದುಳನ್ನು ಶಿರಸ್ತ್ರಾಣವು ಸುಟ್ಟುಹಾಕುವುದು, ನೂರನೆಯ ಅಂತಸ್ತನ್ನು ಗೆಲ್ಲುವವರೆಗೆ ಯಾರಿಗೂ ಬಿಡುಗಡೆಯಿಲ್ಲ. (2022ರಲ್ಲಿ ಆ ದಿನವು ನಿಜವಾಗಿಯೂ ಬಂದಾಗ, ಅಂತಹ ಯಂತ್ರದ ಸುಳಿವೇ ಜಗತ್ತಿನಲ್ಲಿರಲಿಲ್ಲವಾದರೂ, ಪಾಮರ್ ಲಕ್ಕಿ ಎಂಬ ಅಮೆರಿಕದ ಯಂತ್ರಕರ್ತರು ಆಟದಲ್ಲಿ ಸೋತರೆ ಧರಿಸಿದವನನ್ನು ಕೊಲ್ಲುವ ಶಿರಸ್ತ್ರಾಣವೊಂದನ್ನು ಮಾಡಿರುವೆನೆಂದು ಬರೆದರು. ಅದನ್ನು ತಾವು ಧರಿಸುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲವೆಂದೂ ಸೇರಿಸಿದರು. ಬುದ್ಧಿವಂತರೇ ಸರಿ!)

ಮಾಯಾಲೋಕದ ಕಥೆ ನಮ್ಮವರಿಗೆ ಹೊಸದಲ್ಲ. ಯೋಗವಾಸಿಷ್ಠದ ಲವಣರಾಜನು ಐಂದ್ರಜಾಲಿಕನು ತೋರಿದ ಕುದುರೆಯನ್ನು ನೋಡುತ್ತ ಸಿಂಹಾಸನದಲ್ಲಿ ಕುಳಿತಿದ್ದಂತೆಯೇ ಒಂದು ಆಯುಷ್ಯದಷ್ಟು ಚಂಡಾಲವೃತ್ತಿಯನ್ನೂ ಸಂಸಾರವನ್ನೂ ಬರಗಾಲವನ್ನೂ ಅನುಭವಿಸಿಬಿಡುತ್ತಾನಷ್ಟೆ. ಎಚ್ಚತ್ತ ಮೇಲೂ ಆ ದುಃಖವನ್ನು ಅವನು ಸುಳ್ಳೆಂದು ತಳ್ಳಿಹಾಕಲಾರನು; ಆ ಊರನ್ನು ಹುಡುಕಿಕೊಂಡೇ ಹೊರಡುತ್ತಾನೆ. ಜಪಾನಿನ ಈ ಕಥೆಯ ಸತ್ತ್ವವೂ ಅಲ್ಲಿಯೇ ಇರುವುದು. ಕತ್ತಿ ಸುಳ್ಳು, ಕಾಡು ಸುಳ್ಳು, ಉಣ್ಣುವ ರೊಟ್ಟಿಯೂ ಸುಳ್ಳು. ಭಯವೂ ಸ್ನೇಹವೂ ಅಗಲಿಕೆಯೂ ಸುಳ್ಳಲ್ಲ.

ಇದಕ್ಕೆ ನಿದರ್ಶನವಾಗಿ ಮೂರನೆಯ ಕಂತೊಂದೇ ಸಾಕು. ಕಥಾನಾಯಕನಾದ ಕಿರಿತೊ ಒಂಟಿಯಾಗಿ ತಿರುಗುವ ನಿಪುಣನು. ಆಟದಲ್ಲಿ ಇನ್ನೂ ಎಳೆಯರಾದ ಐವರು ಗೆಳೆಯರು ಅಕ್ಕರೆಯಿಂದ ಕರೆದಾಗ, ತನ್ನ ನಿಜವಾದ ಬಲವನ್ನು ಮರೆಮಾಚಿ, ತಾನೂ ಅವರಂತೆಯೇ ಎಂದು ನಟಿಸಿ ಅವರ ಗುಂಪನ್ನು ಸೇರುತ್ತಾನೆ. ಅವರಲ್ಲಿ ಸಾಚಿ ಎಂಬ ಅಂಜುಕುಳಿ ಹುಡುಗಿಗೆ "ನೀನು ಸಾಯುವುದಿಲ್ಲ" ಎಂದು ಭಾಷೆ ಕೊಡುತ್ತಾನೆ. ನಾಯಕನು ಮನೆಯನ್ನು ಕೊಳ್ಳಲು ಹೋದ ದಿನ ಉಳಿದವರು ಇಪ್ಪತ್ತೇಳನೆಯ ಅಂತಸ್ತಿನಲ್ಲಿ ಬಲೆಯೊಂದಕ್ಕೆ ಸಿಕ್ಕಿ, ಕಿರಿತೊವಿನ ಕಣ್ಣೆದುರಿಗೇ ನಾಲ್ವರೂ ಅಳಿಯುತ್ತಾರೆ. ಸುದ್ದಿಯನ್ನು ಕೇಳಿದ ನಾಯಕನು ಕೋಟೆಯ ಅಂಚಿನಿಂದ ಹಾರಿಕೊಳ್ಳುತ್ತಾನೆ. ಸತ್ತವರನ್ನು ಬದುಕಿಸುವ ವಸ್ತುವೊಂದುಂಟೆಂಬ ವದಂತಿಯನ್ನು ನಂಬಿ ಕಿರಿತೊ ಕ್ರಿಸ್ಮಸ್ಸಿನ ರಾತ್ರಿ ಪ್ರಾಣವನ್ನೇ ಪಣವಾಗಿಟ್ಟು ಹೋರಾಡಿ ಅದನ್ನು ಪಡೆದರೆ, ಸತ್ತು ಹತ್ತು ಸೆಕೆಂಡುಗಳೊಳಗೆ ಮಾತ್ರ ಅದು ಫಲಿಸುವುದೆಂದು ಗೊತ್ತಾಗುತ್ತದೆ! ಬಳಿಕ ಸಾಚಿ ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಸಂದೇಶವು ಅವನ ಕೈಸೇರುವುದು. ಅವನ ಗುಟ್ಟು ಅವಳಿಗೆ ತಿಳಿದಿತ್ತು. ತಾನು ಸತ್ತರೆ ಅದು ಅವನ ತಪ್ಪಲ್ಲವೆಂದೂ ಅವನು ಬದುಕಿರಬೇಕೆಂದೂ ಹೇಳಿ, ಒಂದು ಕ್ರಿಸ್ಮಸ್ ಹಾಡನ್ನು ಮೆಲ್ಲಗೆ ಗುನುಗುತ್ತಾಳೆ. ನಾವು ಕನ್ನಡಕವನ್ನು ತೆಗೆದು ಒರಸಿಕೊಂಡೆವು. ಹುಡುಗನು ನಮ್ಮ ಕಡೆಗೆ ತಿರುಗಲೇ ಇಲ್ಲ. ಅದು ಅವನ ಸೌಜನ್ಯ.

ಇನ್ನೊಂದು ಸಣ್ಣ ಪ್ರಸಂಗವೂ ನಮಗೆ ಮೆಚ್ಚಾಯಿತು. ಕೋಟೆಯಲ್ಲಿ ಸಿಕ್ಕಿಬಿದ್ದ ನಿಶಿದಾ ಎಂಬ ವಯಸ್ಸಾದವರೊಬ್ಬರು ಕತ್ತಿಯ ಗೊಡವೆಗೆ ಹೋಗದೆ ಕೆರೆಯ ದಡದಲ್ಲಿ ಮೀನಿಗೆ ಗಾಳ ಹಾಕುತ್ತ ಕುಳಿತಿರುವರು. ಕಿರಿತೊವಿನ ಹೆಂಡತಿ ಅಸುನಾ ತಾನೇ ತಯಾರಿಸಿದ ಸೋಯಾ ರಸವನ್ನು ಬಡಿಸಿದಾಗ, ಬಹುಕಾಲ ಕಾಣದ ಮನೆಯ ರುಚಿ ನಾಲಗೆಗೆ ತಾಕಿ ಅವರು ಹಿಗ್ಗಿಹೋಗುತ್ತಾರೆ. ಪರದೇಶದಲ್ಲಿ ಮಗನ ಮನೆಗೆ ಹೋಗಿ ಸಾರಿನ ಪುಡಿಯ ಡಬ್ಬಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ದೋಷಗಳು. ಎರಡು ವರ್ಷಗಳ ಕಾಲವನ್ನು ಹದಿನಾಲ್ಕು ಕಂತುಗಳಲ್ಲಿ ತುಂಬುವ ಆತುರದಿಂದ ಕಥೆಯು ಅಂತಸ್ತಿನಿಂದ ಅಂತಸ್ತಿಗೆ ಕುಪ್ಪಳಿಸುವುದು. ಬರುವ ಹುಡುಗಿಯರೆಲ್ಲರೂ ಕಿರಿತೊವಿಗೇ ಮನಸೋಲುವರು. ಇವನ್ನು ಕ್ಷಮಿಸಬಹುದು. ಹದಿನಾಲ್ಕನೆಯ ಕಂತನ್ನು ಮಾತ್ರ ಕ್ಷಮಿಸಲಾರೆವು. ಎಪ್ಪತ್ತೈದನೆಯ ಅಂತಸ್ತಿನಲ್ಲಿ ಕಯಾಬನ ವೇಷವು ಬಯಲಾಗಿ, ಅವನಿಗೂ ಕಿರಿತೊವಿಗೂ ದ್ವಂದ್ವಯುದ್ಧ ನಡೆಯುತ್ತದೆ. ಅಲುಗಾಡಲಾರದಂತೆ ಸ್ತಂಭಿತಳಾಗಿದ್ದ ಅಸುನಾ ಹೇಗೋ ಎದ್ದು ಬಂದು ನಡುವೆ ನಿಂತು ಮಡಿಯುತ್ತಾಳೆ. ಕಿರಿತೊವಿನ ಆಯುಷ್ಯದ ಗೆರೆಯೂ ಸೊನ್ನೆಗಿಳಿಯುತ್ತದೆ. ಆದರೂ ಅವನು ಕರಗಿಹೋಗದೆ ನಿಂತು ವೈರಿಯನ್ನು ಇರಿಯುತ್ತಾನೆ. ಕೊನೆಗೆ ನೋಡಿದರೆ ಇಬ್ಬರೂ ಬದುಕಿದ್ದಾರೆ.

"ಅದು ಸಂಕಲ್ಪಬಲ, ತಾತ" ಎಂದನು ಮೊಮ್ಮಗನು. "ಹಾಗಾದರೆ ಸಾಚಿಗೆ ಬದುಕುವ ಸಂಕಲ್ಪವಿರಲಿಲ್ಲವೇನಪ್ಪ?" ಎಂದು ಕೇಳಿದೆವು. ಅವನು ಸುಮ್ಮನಾದನು. ಶಾಕುಂತಲದಲ್ಲಿ ದುಷ್ಯಂತನು ಮರೆಯುವುದೂ ಉಂಗುರವನ್ನು ಕಂಡು ನೆನೆಯುವುದೂ ಅಸಹಜವೇ. ಆದರೆ ದುರ್ವಾಸರ ಶಾಪವನ್ನೂ ಅದರ ಪರಿಹಾರವನ್ನೂ ಕಾಳಿದಾಸನು ನಾಲ್ಕನೆಯ ಅಂಕದಲ್ಲಿಯೇ ನಮ್ಮ ಕಿವಿಗೆ ಹಾಕಿರುತ್ತಾನೆ. ಇಲ್ಲಿ ಅಂತಹ ಬೀಜವನ್ನು ಗಟ್ಟಿಯಾಗಿ ಬಿತ್ತಿಲ್ಲ. ಮೂರನೆಯ ಕಂತಿನಲ್ಲಿ ಹತ್ತು ಸೆಕೆಂಡು ಮೀರಿದರೆ ಆಗದೆಂದು ಕಟ್ಟುನಿಟ್ಟಾಗಿದ್ದ ನಿಯಮವು ನಾಯಕ ನಾಯಿಕೆಯರ ಸರದಿ ಬಂದಾಗ ಸಡಿಲಿತೆಂದರೆ, ಆ ನಾಲ್ವರು ಬಡಪಾಯಿಗಳ ಸಾವಿಗೆ ಅವಮಾನ ಮಾಡಿದಂತಾಯಿತು. ಕ್ಷೇಮೇಂದ್ರನು ಔಚಿತ್ಯವೆಂದು ಹೇಳಿದುದು ಇದನ್ನೇ.

ಕಯಾಬನ ವಿಷಯವೂ ಹಾಗೆಯೇ. ಸುಮಾರು ನಾಲ್ಕು ಸಾವಿರ ಜನರ ಸಾವಿಗೆ ಕಾರಣನಾದವನು, ಕೋಟೆಯು ಕುಸಿಯುತ್ತಿರುವಾಗ ಸಂಜೆಯ ಬಿಸಿಲಿನಲ್ಲಿ ನಿಂತು, ಏಕೆ ಮಾಡಿದೆನೆಂಬುದೇ ಮರೆತುಹೋಗಿತ್ತೆನ್ನುತ್ತಾನೆ. ಬಾಲ್ಯದಿಂದಲೂ ಇಂತಹ ಕೋಟೆಯ ಕನಸು ಕಾಣುತ್ತಿದ್ದೆನೆನ್ನುತ್ತಾನೆ. ದೃಶ್ಯವು ಅತಿ ರಮ್ಯ. ಆದರೆ ಎದುರಿಗಿದ್ದವರು ಒಂದು ಬಿರುನುಡಿಯನ್ನಾದರೂ ಆಡಬೇಡವೆ?

ಹದಿನೈದನೆಯ ಕಂತಿನಿಂದ ಕಥೆಯು ಆಲ್ಫ್‌ಹೈಮ್ ಎಂಬ ಬೇರೊಂದು ಆಟಕ್ಕೆ ಹೋಗುವುದು. ರೆಕ್ಕೆ ಕಟ್ಟಿಕೊಂಡು ಹಾರುವ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಮೊದಲ ಭಾಗದಲ್ಲಿ ದಂಡನ್ನೇ ನಡೆಸಿದ ಅಸುನಾಳನ್ನು ಇಲ್ಲಿ ಪಂಜರದಲ್ಲಿಟ್ಟು, ಬಿಡಿಸಿಕೊಳ್ಳುವವನ ದಾರಿ ಕಾಯಿಸಿದ್ದಾರೆ. ತಪ್ಪಿಸಿಕೊಳ್ಳುವ ಅವಳ ಪ್ರಯತ್ನಕ್ಕೂ ಫಲ ಕೊಟ್ಟಿಲ್ಲ. ಖಳನು ಅವಳ ಮೇಲೆ ಕೈಮಾಡುವ ದೃಶ್ಯಗಳಂತೂ ಮಕ್ಕಳು ಮರಿಗಳೊಡನೆ ಕುಳಿತು ನೋಡತಕ್ಕವಲ್ಲ. ಗೃಹಸ್ಥರು ಮೊದಲ ಹದಿನಾಲ್ಕು ಕಂತುಗಳನ್ನು ದೊಡ್ಡ ಮಕ್ಕಳ ಜತೆಯಲ್ಲಿ ನೋಡಲಿ. ಉಳಿದುದನ್ನು ತಾವೊಮ್ಮೆ ನೋಡಿ ಆಮೇಲೆ ಯೋಚಿಸಲಿ.

ಕೊನೆಯ ಕಂತು ಮುಗಿದ ರಾತ್ರಿ ದೀಪ ಆರಿಸುವ ಮೊದಲು, ಅವನ ಆ ಜತೆಗಾರನ ಹೆಸರೇನೆಂದು ಕೇಳಿದೆವು. ಆಟದೊಳಗಿನ ಹೆಸರನ್ನು ಹೇಳಿದನು. ಅವನಿಗೆ ಗೊತ್ತಿದ್ದುದೂ ಅಷ್ಟೆ. ಆಮೇಲೆ ಅವರಿಬ್ಬರೂ ಕೂಡಿ ಮಾಡಿದ್ದ ಸಾಹಸಗಳನ್ನು ಹನ್ನೊಂದು ಗಂಟೆಯವರೆಗೂ ಹೇಳುತ್ತಲೇ ಇದ್ದನು.